ಬಚ್ಚಿಟ್ಟ ಪಂಪು

ಸಂಭಾಜಿನಗರದಲ್ಲಿ ಚಿಕಲಠಾಣಾ ಕಡೆಗೆ ಹೋಗುವ ದೊಡ್ಡ ರಸ್ತೆಯ ಮೇಲೆ, ಔಷಧದಂಗಡಿಯೊಂದರ ಮಹಡಿಯಲ್ಲಿ ಜೋಗಳೇಕರ್ ಮ್ಯಾಡಮ್ ಅವರ ಎದೆರೋಗದ ದವಾಖಾನೆಯಿದೆ. ಅಲ್ಲಿ ಡಾಕ್ಟರು ಚೀಟಿ ಬರೆದುಕೊಟ್ಟ ಕೂಡಲೇ ಯಾರೂ ಮೆಟ್ಟಿಲು ಇಳಿಯುವ ಹಾಗಿಲ್ಲ. ಪಕ್ಕದ ಸಣ್ಣ ಕೋಣೆಯಲ್ಲಿ ಶಾಂತಾಬಾಯಿಯ ಮುಂದೆ ಹತ್ತು ನಿಮಿಷ ಕೂತು, ಪಂಪು, ಅಂದರೆ ಬಾಯಿಗಿಟ್ಟು ಔಷಧ ಎಳೆದುಕೊಳ್ಳುವ ಇನ್ಹೇಲರು, ಎಳೆಯುವುದನ್ನು ಕಲಿತು, ಅವಳು "ಹಾಂ, ಈಗ ಹೋಗ್ರಿ" ಅಂದ ಮೇಲೆಯೇ ಹೋಗಬೇಕು. ಇಪ್ಪತ್ತು ವರ್ಷದಿಂದ ಇದೇ ರೂಢಿ.

ಶಾಂತಾಬಾಯಿ ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಭಾಲ್ಕಿ ಕಡೆಯ ಹಳ್ಳಿಯೊಂದರಲ್ಲಿ ಏಳನೆಯ ತರಗತಿವರೆಗೆ ಓದಿ, ಮನ್ಮಥಪ್ಪನ ಕೈಹಿಡಿದು ಈ ಊರಿಗೆ ಬಂದವಳು. ಮನ್ಮಥಪ್ಪನಿಗೆ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ. ಅವಳು ಈ ದವಾಖಾನೆಗೆ ಮೊದಲ ಸಲ ಬಂದದ್ದು ಕೆಲಸ ಕೇಳಿಕೊಂಡಲ್ಲ. ಆರು ವರ್ಷದ ಮಗಳು ವಿಜಯಶ್ರೀಯನ್ನು ಹೆಗಲ ಮೇಲೆ ಹಾಕಿಕೊಂಡು. ಹುಡುಗಿಯ ಎದೆಯೊಳಗೆ ಬೆಕ್ಕಿನ ಮರಿ ಕೂಗಿದಂಥ ಸದ್ದು. ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಎಳೆದುಕೊಂಡು ಹೋಗುತ್ತಿತ್ತು. ಮ್ಯಾಡಮ್ ಮೂಗಿಗೆ ಮಾಸ್ಕು ಇಟ್ಟು ಔಷಧದ ಹೊಗೆ ಕೊಟ್ಟರು. ಅರ್ಧ ತಾಸಿನಲ್ಲಿ ಹುಡುಗಿ ಎದ್ದು ಕೂತು ಬಿಸ್ಕೀಟು ಕೇಳಿತು. ಅದನ್ನು ಕಣ್ಣಾರೆ ಕಂಡ ಶಾಂತಾಬಾಯಿ ಅಲ್ಲೇ ನೆಲಕ್ಕೆ ಕೂತು ಅತ್ತಿದ್ದಳು.

ಆಮೇಲೆ ತಿಂಗಳಿಗೊಮ್ಮೆ ಬಂದು ಹೋಗುವಾಗ, ಮರಾಠಿ ಸರಿಯಾಗಿ ತಿಳಿಯದ ಕರ್ನಾಟಕದ ಕೂಲಿ ಹೆಂಗಸರಿಗೆ ಮ್ಯಾಡಮ್ ಹೇಳಿದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳತೊಡಗಿದಳು. ಮ್ಯಾಡಮ್ ಅದನ್ನು ಗಮನಿಸಿ, "ನೀನು ಇಲ್ಲೇ ಇರು" ಅಂದರು. ಮೊದಲು ಕಸ ಗುಡಿಸುವುದು, ಕ್ರಮೇಣ ಹೆಸರು ಬರೆದುಕೊಳ್ಳುವುದು, ಕೊನೆಗೆ ಪಂಪು ಕಲಿಸುವುದು. ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಅವಳ ಮಾತು ಜನರ ಮನಸ್ಸಿಗೆ ತಾಗುತ್ತಿತ್ತು.

"ಮಳಿಗಾಲದಾಗ ಬಾಗಿಲ ಉಬ್ಬಿ ಚೌಕಟ್ಟಿನಾಗ ಸಿಕ್ಕೊಂತದಲ್ರಿ, ನಿಮ್ಮ ಉಸಿರಿನ ನಳಗಿನೂ ಹಂಗೇ ಆಗ್ಯಾದ," ಎನ್ನುತ್ತಿದ್ದಳು. "ಈ ನೀಲಿ ಪಂಪ್ ಅದಲ, ಇದು ಹೆಗಲ ಕೊಟ್ಟು ಬಾಗಿಲ ದೂಡಿದಂಗ. ಬಿಗಿದ ನಳಗಿ ಐದ್ ನಿಮಿಷದಾಗ ಸಡಿಲ ಆಗ್ತದ, ಜೀವಕ್ಕ ಹಾಯ್ ಅನಸ್ತದ. ಆದ್ರ ನಾಕು ತಾಸಿಗಿ ಮತ್ತ ಬಿಗೀತದ, ಯಾಕಂದ್ರ ಒಳಗಿನ ಬಾವು ಹಂಗೇ ಅದ. ಈ ಕಂದು ಪಂಪ್ ಆ ಉಬ್ಬಿದ ಕಟ್ಟಿಗಿ ಒಣಗಿಸ್ತದ. ಇವತ್ತು ಎಳದ್ರ ಇವತ್ತೇ ಗೊತ್ತಾಗಂಗಿಲ್ಲ. ಹದಿನೈದ್ ದಿನ, ತಿಂಗಳ ಬೇಕು. ದಿನಾ ಎರಡು ಹೊತ್ತು, ದಮ್ಮು ಇರ್ಲಿ ಬಿಡ್ಲಿ. ಎಳದ ಮ್ಯಾಲ ಬಾಯಿ ಮುಕ್ಕಳಸ್ರಿ, ಇಲ್ಲಾಂದ್ರ ನಾಲಗಿ ಮ್ಯಾಲ ಬಿಳಿ ಬೂಸರ ಬರ್ತದ. ವಾರದಾಗ ಎರಡಕ್ಕಿಂತ ಹೆಚ್ಚು ಸಲ ನೀಲಿ ಪಂಪ್ ಬೇಕನಸ್ತು ಅಂದ್ರ ಮನ್ಯಾಗ ಕೂಡಬ್ಯಾಡ್ರಿ, ಇಲ್ಲಿಗಿ ಬರ್ರಿ."

ಪಂಪು ಹಚ್ಚಿಕೊಂಡರೆ ಅದರ ಚಟ ಬೀಳುತ್ತದೆ, ಕಂದು ಪಂಪಿನಲ್ಲಿರುವ ಸ್ಟೆರಾಯ್ಡ್ ಅಂದರೆ ವಿಷ ಎಂದು ವಾದ ಮಾಡುವವರಿಗೆ ಅವಳು ತನ್ನ ಮಗಳನ್ನೇ ತೋರಿಸುತ್ತಿದ್ದಳು. "ನೋಡ್ರಿ ಇಕಿಗಿ. ಆರು ವರ್ಷದಕಿ ಇದ್ದಾಗಿಂದ ಎಳೀತಾಳ. ಗುಳಗಿ ಆದ್ರ ಮೈತುಂಬ ಹೋಗ್ತದ, ಇದು ಸೀದಾ ಎದಿಗಿ ಹೋಗ್ತದ, ಚೂರೇ ಚೂರು." ವಿಜಯಶ್ರೀ ಶಾಲೆಯಲ್ಲಿ ಖೋ-ಖೋ ಆಡಿ ಜಿಲ್ಲೆಯ ಮಟ್ಟಕ್ಕೆ ಹೋದಳು. ಬಿ.ಎ. ಮುಗಿಸಿ ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವ ಟೀಚರಾದಳು. ಓಡುತ್ತಿದ್ದಳು, ನಗುತ್ತಿದ್ದಳು, ಅಡುಗೆಮನೆಯ ಕಟ್ಟೆಯ ಮೇಲೆ ಉಪ್ಪಿನ ಡಬ್ಬಿಯ ಪಕ್ಕದಲ್ಲೇ ಅವಳ ಕಂದು ಪಂಪು ಇರುತ್ತಿತ್ತು. ಹಲ್ಲುಜ್ಜುವ ಮೊದಲು ಎರಡು ಸಲ ಎಳೆಯುವುದು ಆ ಮನೆಯಲ್ಲಿ ಯಾರ ಗಮನಕ್ಕೂ ಬಾರದ ಸಂಗತಿಯಾಗಿತ್ತು.

ಗಮನಕ್ಕೆ ಬಂದದ್ದು ಹೆಣ್ಣು ನೋಡಲು ಬಂದವರಿಗೆ.

ಮೊದಲ ಸಂಬಂಧದವರು ಉದಗೀರದವರು. ಅವಲಕ್ಕಿ ತಿಂದು, ನೀರು ಕುಡಿಯಲೆಂದು ಒಳಗೆ ಬಂದ ಹುಡುಗನ ಅತ್ತಿಗೆ ಕಟ್ಟೆಯ ಮೇಲಿನ ಪಂಪನ್ನು ಕಂಡಳು. ಎರಡು ದಿನ ಬಿಟ್ಟು ಫೋನು ಬಂತು, ಜಾತಕ ಕೂಡಲಿಲ್ಲವೆಂದು. ಎರಡನೆಯವರು ಅಷ್ಟೂ ಮರ್ಯಾದೆ ಇಟ್ಟುಕೊಳ್ಳಲಿಲ್ಲ. "ದಮ್ಮಿನ ಹುಡುಗಿ, ನಾಳೆ ಬಾಣಂತನ ಹ್ಯಾಂಗ ಮಾಡ್ತಾಳ?" ಎಂದು ಮಧ್ಯಸ್ಥರ ಮುಂದೆ ಅಂದರು. ಆ ಮಾತು ಬಂಧುಬಳಗದಲ್ಲೆಲ್ಲ ಹರಿದಾಡಿತು.

ಮೂರನೆಯ ಸಂಬಂಧ ನಾಸಿಕ ಜಿಲ್ಲೆಯ ಲಾಸಲಗಾಂವದಿಂದ ಬಂತು. ಮೂಲತಃ ಆಳಂದದವರು, ಎರಡು ತಲೆಮಾರಿನಿಂದ ಅಲ್ಲಿ ಈರುಳ್ಳಿ ವ್ಯಾಪಾರ. ಹುಡುಗ ಸಂಗಮನಾಥ ಮೆತ್ತಗಿನ ಮನುಷ್ಯ, ಕಣ್ಣೆತ್ತಿ ಮಾತಾಡಲು ನಾಚಿಕೊಳ್ಳುವವನು. ಅವರು ಬರುವ ದಿನ ಬೆಳಿಗ್ಗೆ ಶಾಂತಾಬಾಯಿ ಕಟ್ಟೆಯ ಮೇಲಿದ್ದ ಪಂಪನ್ನು ತೆಗೆದು ಟ್ರಂಕಿನೊಳಗೆ, ಹಳೆಯ ಕೌದಿಯ ಕೆಳಗೆ ಇಟ್ಟಳು. ಹುಡುಗಿ ಒಪ್ಪಿಗೆಯಾದಳು.

ಅವರು ಹೋದ ಮೇಲೆ ವಿಜಯಶ್ರೀ ಅವ್ವನನ್ನು ಕೇಳಿದಳು. "ಅವ್ವಾ, ಹೇಳೂದಿಲ್ಲೇನು ಅವ್ರಿಗಿ?"

"ಒಂದು ವರ್ಷ ಸುಮ್ಕಿರು. ಒಂದು ಕೂಸು ಆಗ್ಲಿ. ಆಮ್ಯಾಲ ಯಾರು ಏನು ಅಂತಾರ?"

"ಅದೇನು ಲಫಡಾ ಅದ ಅವ್ವಾ? ಔಷಧ ತಗೋತೀನಿ ಅಷ್ಟೆ. ನೀನೇ ದಿನಾ ಮಂದಿಗಿ ಹೇಳ್ತಿ, ಇದು ಚಸ್ಮಾ ಹಾಕ್ಕೊಂಡಂಗ ಅಂತ."

"ಮಂದಿಗಿ ಹೇಳೂದು ಬ್ಯಾರೆ, ತಂಗಿ," ಎಂದಳು ಶಾಂತಾಬಾಯಿ. ಮಗಳನ್ನು ಮುದ್ದಿನಿಂದ ಅವಳು ಕರೆಯುತ್ತಿದ್ದದ್ದು ಹಾಗೇ.

ಮನ್ಮಥಪ್ಪ ಪೇಪರು ಓದುತ್ತ ಕೂತಿದ್ದ. ಶಾಂತಾಬಾಯಿ ಅವನ ಕಡೆ ನೋಡಿದಳು. ಅವನು ಪೇಪರಿನಿಂದ ತಲೆ ಎತ್ತದೆ "ಹೂಂ" ಅಂದ.

ಎರಡು ಸಾವಿರದ ಇಪ್ಪತ್ತೊಂದರ ಮಾಘ ಮಾಸದಲ್ಲಿ ಮದುವೆಯಾಯಿತು.

ಲಾಸಲಗಾಂವದ ಮನೆ ತುಂಬಿದ ಮನೆ. ಅತ್ತೆ ಜಗದೇವಿ, ಮಾವ, ಮೈದುನರಿಬ್ಬರು. ಹಿತ್ತಿಲಿಗೆ ಹೊಂದಿಕೊಂಡು ಈರುಳ್ಳಿ ಆರಿಸುವ ದೊಡ್ಡ ತಗಡಿನ ಶೆಡ್ಡು. ಅತ್ತೆಯ ಬಾಯಿ ಜೋರು, ಕೈ ಧಾರಾಳ. ಸೊಸೆಗೆ ಸೀರೆಯ ಮೇಲೆ ಸೀರೆ ತಂದಳು, ಬೆಳಗಾಗೆದ್ದು ತಾನೇ ಚಹಾ ಕಾಸಿ ಕೊಟ್ಟಳು. ವಿಜಯಶ್ರೀಗೆ ಅಲ್ಲಿ ಕೊರತೆಯೆಂದರೆ ಒಂದೇ: ಬಾಗಿಲು ಹಾಕಿಕೊಂಡು ಒಂಟಿಯಾಗಿರಲು ಎರಡು ನಿಮಿಷ. ಕಂದು ಪಂಪು ಎಳೆಯಬೇಕು, ಉಸಿರು ಹಿಡಿಯಬೇಕು, ಬಾಯಿ ಮುಕ್ಕಳಿಸಬೇಕು, ಮತ್ತೆ ರಾತ್ರಿ ಅದೇ. ಮುಟ್ಟಿನ ಬಟ್ಟೆಯ ಚೀಲದೊಳಗೆ ಇಟ್ಟರೆ ಯಾರೂ ಕೈಹಾಕುವುದಿಲ್ಲವೆಂದು ಅಲ್ಲಿಟ್ಟಳು. ಮೊದಲು ರಾತ್ರಿಯದ್ದು ತಪ್ಪಿತು. ಆಮೇಲೆ ಬೆಳಗಿನದ್ದೂ ಎರಡು ದಿನಕ್ಕೊಮ್ಮೆ, ವಾರಕ್ಕೊಮ್ಮೆಯಾಯಿತು. ನೀಲಿ ಪಂಪು ಹಾಗಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಸದ್ದು ಕೇಳದ ಹಾಗೆ ಎರಡು ಸಲ ಎಳೆದು ಬಂದರೆ ಮುಗಿಯಿತು. ಮತ್ತೆ ನಾಲ್ಕು ತಾಸು ಯಾರಿಗೂ ಏನೂ ತಿಳಿಯದು.

ಬಸಿರಿಯಾಗಿ ತವರಿಗೆ ಬಂದಾಗ ಜೋಗಳೇಕರ್ ಮ್ಯಾಡಮ್ ಅವಳ ಎದೆಗೆ ಸ್ಟೆಥಾಸ್ಕೋಪು ಇಟ್ಟು ಕೇಳಿ ಸಿಡಿಮಿಡಿಗೊಂಡರು. ಬಸಿರಿನಲ್ಲಿ ಪಂಪು ಬಿಟ್ಟರೆ ಕೂಸಿಗೂ ಉಸಿರು ಕಡಿಮೆಯಾಗುತ್ತದೆ, ಪಂಪಿನಿಂದ ಕೂಸಿಗೆ ಏನೂ ಆಗುವುದಿಲ್ಲ ಎಂದು ಗದರಿಸಿದರು. ಐದು ತಿಂಗಳು ಅವ್ವನ ಕಣ್ಣ ಮುಂದೆ ಕಂದು ಪಂಪು ಎರಡು ಹೊತ್ತೂ ತಪ್ಪಲಿಲ್ಲ. ಸುಖವಾಗಿ ಹೆತ್ತಳು. ಹೆಣ್ಣುಕೂಸಿಗೆ ಅಮೂಲ್ಯಾ ಎಂದು ಹೆಸರಿಟ್ಟರು. ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೋಗುವಾಗ ಅವಳ ಗಲ್ಲ ತುಂಬಿಕೊಂಡಿತ್ತು. ಶಾಂತಾಬಾಯಿ ಬಸ್ಸಿನ ಕಿಟಕಿಯಿಂದ ತಾನೇ ಎರಡು ಪಂಪು ಚೀಲದೊಳಗೆ ತುರುಕಿದಳು. ಕೂಸಾದ ಮೇಲೆ ಹೇಳುವುದೆಂಬ ಮಾತನ್ನು ಆಗಲೂ ಎತ್ತಲಿಲ್ಲ.

ವರ್ಷ ಕಳೆಯಿತು. ಫೋನಿನಲ್ಲಿ ಮಗಳ ಮಾತಿನ ನಡುವೆ ಉಸಿರು ಕಡಿಯತೊಡಗಿತು. ಪೂರ್ತಿ ವಾಕ್ಯ ಒಂದೇ ಏಟಿಗೆ ಆಡಲಾಗದೆ ಮಧ್ಯೆ ನಿಂತು ಮುಂದುವರಿಸುತ್ತಿದ್ದಳು. ಬೇರೆ ಯಾರಾದರೂ ಹಾಗೆ ಮಾತಾಡಿದ್ದರೆ ಶಾಂತಾಬಾಯಿ ಕುರ್ಚಿಯಿಂದ ಎದ್ದು ಮ್ಯಾಡಮ್ ಹತ್ತಿರ ಓಡುತ್ತಿದ್ದಳು.

"ಅವ್ವಾ, ನೀಲಿದು ಮುಗೀಲತ್ತದ. ಇನ್ನೊಂದು ಕಳಸ್ತಿಯೇನು?"

"ಹೋದ ತಿಂಗಳೇ ಕಳಸೀನಲ ತಂಗಿ. ಒಂದು ಪಂಪಿನಾಗ ಇನ್ನೂರು ಸಲದ್ದು ಇರ್ತದ."

"ಉಳ್ಳಾಗಡ್ಡಿ ಸೀಜನ್ ಅದ ಅವ್ವಾ. ಸಿಪ್ಪಿ ಹಾರಿ ಹಾರಿ ಮನಿ ತುಂಬ."

ತಿಂಗಳಿಗೆ ಇನ್ನೂರು. ದಿನಕ್ಕೆ ಆರೇಳು. ಆ ಲೆಕ್ಕ ಶಾಂತಾಬಾಯಿಗೆ ಗೊತ್ತಿರಲಿಲ್ಲವೇ? ದಿನವೂ ಮಂದಿಗೆ ಹೇಳುತ್ತಿದ್ದದ್ದೇ ಅದು. ಆದರೂ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯ ತಳದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೀಲಿ ಪಂಪು ಇಟ್ಟು, ಮೇಲೆ ಹಿಂಡಿ ತುಂಬಿ ಕೊರಿಯರಿಗೆ ಹಾಕಿದಳು. ಜೊತೆಗೊಂದು ಕಂದು ಪಂಪನ್ನೂ ಇಟ್ಟಳು, ದಿನಾ ಎಳೀ ಎಂದು ಫೋನಿನಲ್ಲಿ ಹೇಳಿದಳು. ಅಷ್ಟಕ್ಕೆ ತನ್ನ ಕೆಲಸವಾಯಿತೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಎರಡು ಸಾವಿರದ ಇಪ್ಪತ್ತನಾಲ್ಕರ ಶಿವರಾತ್ರಿ ಮುಗಿದ ಮರುವಾರ ವಿಜಯಶ್ರೀ ಮಧ್ಯಾಹ್ನ ಫೋನು ಮಾಡಿದಳು. ಶಾಂತಾಬಾಯಿ ದವಾಖಾನೆಯಲ್ಲಿದ್ದಳು.

"ಅವ್ವಾ, ಹೇಳಿಬಿಡ್ತೀನಿ ಇವ್ರಿಗಿ. ಭಾಳ ತ್ರಾಸ ಆಗ್ಲತ್ತದ. ನಿನ್ನಿ ಮೆಟ್ಟಲ ಹತ್ತಲಾಕ ಆಗ್ಲಿಲ್ಲ."

ಶಾಂತಾಬಾಯಿಯ ಬಾಯಿಯಿಂದ ಬಂದ ಮಾತು ಇದು: "ಯುಗಾದಿ ಮುಗದ ಮ್ಯಾಲ ಕೂಸಿನ ತಲಿಕೂದಲಾ ತೆಗಸೂ ಜಾವಳ ಇಟ್ಕೊಂಡೀರಿ. ಬಂಧುಬಳಗ ಎಲ್ಲ ಬರ್ತಾರ. ಅಷ್ಟು ಮುಗೀಲಿ. ಆಮ್ಯಾಲ ನಾನೇ ಬಂದು ನಿಮ್ಮತ್ತಿಗಿ ಹೇಳ್ತೀನಿ. ನೀ ಹೇಳಬ್ಯಾಡ."

ಆ ಕಡೆ ಎರಡು ಸಲ ಉಸಿರು ಎಳೆದುಕೊಂಡ ಸದ್ದು ಕೇಳಿತು. "ಆಯ್ತವ್ವಾ," ಅಂದಳು ವಿಜಯಶ್ರೀ.

ಎಂಟು ದಿನದ ಮೇಲೆ, ಮಧ್ಯಾಹ್ನ ಮೂರರ ಹೊತ್ತು, ಶೆಡ್ಡಿನಲ್ಲಿ ಈರುಳ್ಳಿ ಆರಿಸುವ ಹೆಂಗಸರಿಗೆ ಚಹಾ ಕೊಡಲು ವಿಜಯಶ್ರೀ ಹೋದಳು. ಬಿಸಿಲು ಜೋರಿತ್ತು, ಗಾಳಿಯೂ ಎದ್ದಿತ್ತು. ಒಣ ಸಿಪ್ಪೆ, ಸಣ್ಣ ಧೂಳು, ಕೊಳೆತ ಗೆಡ್ಡೆಯ ಕರಿ ಪುಡಿ ಶೆಡ್ಡಿನ ತುಂಬ ಸುತ್ತುತ್ತಿತ್ತು. ಕಪ್ಪುಗಳನ್ನು ಅಲ್ಲೇ ಇಟ್ಟು, ಎದೆ ಹಿಡಿದುಕೊಂಡು ಮನೆಯೊಳಗೆ ಓಡಿದಳು ಎಂದು ಆ ಹೆಂಗಸರು ಆಮೇಲೆ ಹೇಳಿದರು. ಬಚ್ಚಲಿನ ಬಾಗಿಲು ಹಾಕಿಕೊಂಡಳು. ನಲ್ಲಿ ಬಿಟ್ಟಳು. ನೀರಿನ ಸದ್ದು ನಿಲ್ಲದ್ದನ್ನು ಕೇಳಿ ಅತ್ತೆ ಬಾಗಿಲು ಬಡಿದಳು. ಒಳಗಿಂದ ಚಿಲಕ ತೆಗೆಯುವಷ್ಟು ಶಕ್ತಿ ಅವಳಿಗೆ ಇತ್ತು. ತೆಗೆದು, ಹೊಸ್ತಿಲ ಮೇಲೆ ಕೂತಳು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಏನೋ ಹೇಳಲು ನೋಡಿದಳು. ಒಂದೊಂದೇ ಅಕ್ಷರ ಹೊರಗೆ ಬರುತ್ತಿತ್ತು, ಮಾತಾಗುತ್ತಿರಲಿಲ್ಲ.

ಮನೆಯವರಿಗೆ ಏನೆಂದು ಗೊತ್ತಾಗಬೇಕು? ಎದೆಗೆ ಬಂದ ಗ್ಯಾಸು ಎಂದು ಒಬ್ಬರು, ಬಿಸಿಲು ಬಡಿದಿದೆಯೆಂದು ಇನ್ನೊಬ್ಬರು. ಮುಖಕ್ಕೆ ನೀರು ಚಿಮುಕಿಸಿದರು, ಬೀಸಣಿಕೆಯಿಂದ ಬೀಸಿದರು, ಮಲಗಿಸಿದರು. ಮಲಗಿಸಿದ್ದೇ ಅವಳಿಗೆ ಇನ್ನಷ್ಟು ಕಷ್ಟವಾಯಿತು. ಓಣಿಯ ಡಾಕ್ಟರು ಬಂದು, ಇದು ನನ್ನ ಕೈ ಮೀರಿದ್ದು, ನಾಸಿಕಕ್ಕೆ ಒಯ್ಯಿರಿ ಎಂದರು. ಕಾರಿನ ಹಿಂದಿನ ಸೀಟಿನಲ್ಲಿ ಸಂಗಮನಾಥ ಅವಳನ್ನು ತೊಡೆಯ ಮೇಲೆ ಒರಗಿಸಿಕೊಂಡಿದ್ದ. ದಾರಿಯಲ್ಲಿ ನಿಫಾಡ ದಾಟಿದ ಮೇಲೆ ಅವಳ ಎದೆಯೊಳಗಿನ ಸದ್ದು ನಿಂತಿತು. ಸದ್ದು ನಿಂತದ್ದನ್ನು ಕೇಳಿ ಆ ಹುಡುಗ, ಪಾಪ, ಆರಾಮಾಯಿತು ಎಂದುಕೊಂಡ. "ಈಗ ಹಗುರ ಅನಸ್ತದೇನು ವಿಜು?" ಎಂದು ಕೇಳಿದನಂತೆ. ನಾಸಿಕದ ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಕಣ್ಣಿನ ರೆಪ್ಪೆ ಎತ್ತಿ ನೋಡಿ ತಲೆ ಅಲ್ಲಾಡಿಸಿದರು.

ಇಪ್ಪತ್ತಾರು ವರ್ಷದ ಹೆಣ್ಣುಮಗಳು. ಮರುದಿನ ಲಾಸಲಗಾಂವದಲ್ಲೇ ಮಣ್ಣು ಕೊಟ್ಟರು. ಶಾಂತಾಬಾಯಿ ಮಗಳ ಮುಖ ನೋಡಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಹಣೆಯ ವಿಭೂತಿ ಮಾತ್ರ ನೆನಪಿದೆ. ಬಂಧುಗಳ ಗುಂಪಿನಲ್ಲಿ ಯಾರೋ ಹೆಂಗಸು, "ಊರಿಗೆಲ್ಲ ಶಕುನ ಹೇಳೋ ಹಲ್ಲಿ..." ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡದ್ದು ಅವಳ ಕಿವಿಗೆ ಬಿತ್ತು. ಉಳಿದ ಗಾದೆ ಅವಳಿಗೆ ಗೊತ್ತಿತ್ತು.

ಹನ್ನೊಂದನೆಯ ದಿನದ ಕಾರ್ಯ ಮುಗಿದು, ಜಂಗಮರ ಊಟವಾಗಿ, ಬಂದವರು ಚದುರಿದ ಮೇಲೆ ಜಗದೇವಿ ಬೀಗಿತಿಯನ್ನು ಒಳಕೋಣೆಗೆ ಕರೆದಳು. ಮಂಚದ ಮೇಲೆ ಸೆರಗು ಕೊಡವಿದಳು. ಐದು ನೀಲಿ ಪಂಪುಗಳು ಉರುಳಿ ಬಿದ್ದವು. ಜೊತೆಗೆ ಮುದ್ರೆ ಒಡೆಯದ ಒಂದು ಕಂದು ಪಂಪು.

"ಅಕಿ ಬಟ್ಟಿ ತೆಗೀವಾಗ ಸಿಕ್ಕಾವ್ರಿ. ಒಂದು ಬಚ್ಚಲದಾಗ ಬಿದ್ದಿತ್ತು, ಆ ದಿನ. ಇವೇನ್ರಿ ಬೀಗತೇರ?"

ಶಾಂತಾಬಾಯಿ ಬಚ್ಚಲಿನಲ್ಲಿ ಸಿಕ್ಕ ಪಂಪನ್ನು ಕೈಯಲ್ಲಿ ಹಿಡಿದಳು. ಖಾಲಿಯೆಂದು ತೂಕದಿಂದಲೇ ಗೊತ್ತಾಯಿತು. ಆದರೂ ಕಿವಿಯ ಬಳಿ ಅಲ್ಲಾಡಿಸಿದಳು, ಒತ್ತಿದಳು. ಫುಸ್ಸೆಂದು ಗಾಳಿ ಬಂತು. ಔಷಧ ತೀರಿದ ಮೇಲೂ ಪಂಪಿನಲ್ಲಿ ಗ್ಯಾಸು ಉಳಿದಿರುತ್ತದೆ, ಸದ್ದು ಮಾಡುತ್ತದೆ, ಮೋಸ ಹೋಗಬೇಡಿ ಎಂದು ಇದನ್ನೂ ಅವಳು ಮಂದಿಗೆ ಕಲಿಸುತ್ತಿದ್ದಳು. ಮಗಳು ಆ ಬಚ್ಚಲಿನಲ್ಲಿ ಬರೀ ಗಾಳಿಯನ್ನು ಎಷ್ಟು ಸಲ ಎಳೆದಳೋ.

ಶಾಂತಾಬಾಯಿ ಎಲ್ಲ ಹೇಳಿದಳು. ಟ್ರಂಕು, ಕೌದಿ, ಹಿಂಡಿಯ ಡಬ್ಬಿ, ಕೊನೆಯ ಫೋನು, ಏನೂ ಬಿಡಲಿಲ್ಲ.

ಜಗದೇವಿ ಮುದ್ರೆ ಒಡೆಯದ ಕಂದು ಪಂಪನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕೂಗಾಡದೆ, ಯಾವ ಜೋರೂ ಇಲ್ಲದ ದನಿಯಲ್ಲಿ ಅಂದಳು: "ನಮ್ಮಣ್ಣಗ ಇಪ್ಪತ್ತು ವರ್ಷದಿಂದ ದಮ್ಮು ಅದರಿ. ಆಳಂದದಾಗ. ಅವನ ಪಂಪ್ ದೇವ್ರ ಮಾಡದ ಬಾಜೂಕ ಇಟ್ಟಿರ್ತಾನ. ನಂಗ ಹೇಳಿದ್ರ ನಾ ಏನ್ ಅಕಿನ್ನ ಹೊರಗ ಹಾಕ್ತಿದ್ದೆನೇನ್ರಿ?"

ಶಾಂತಾಬಾಯಿ ಕೈಯಲ್ಲಿದ್ದ ಖಾಲಿ ಪಂಪನ್ನು ಮಂಚದ ಮೇಲೆ ಇಟ್ಟಳು.

"ಸುಳ್ಳ್ಯಾಕ ಹೇಳ್ಲಿ," ಎಂದಳು ಜಗದೇವಿ. "ನಾ ಏನ್ ದೇವ್ರಲ್ಲ. ಮೋಸ ಮಾಡಿದ್ರಿ ಅಂತ ನಾಕ್ ದಿನ ಬೈತಿದ್ದೆ. ಐದನೇ ದಿನ ಸುಮ್ಕ ಆಗ್ತಿದ್ದೆ." ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಾಕ್ ದಿನದ ಬೈಗುಳಕ್ಕ ಅಂಜಿ ಹಡದ ಕೂಸಿನ ಜೀವ ಕಳದ್ರಲ್ರಿ."

ಹೊರಗೆ ಹಜಾರದಲ್ಲಿ ಹತ್ತೊಂಬತ್ತು ತಿಂಗಳ ಅಮೂಲ್ಯಾ ಯಾರದೋ ಸೊಂಟದ ಮೇಲೆ ಕೂತು ನಗುತ್ತಿತ್ತು.

ಮನೆಗೆ ಮರಳಿದ ಶಾಂತಾಬಾಯಿ ದವಾಖಾನೆಗೆ ಹೋಗಲಿಲ್ಲ. ಒಲೆ ಹಚ್ಚುತ್ತಿದ್ದಳು, ಹಚ್ಚಿದ್ದನ್ನು ಮರೆತು ಕೂತುಬಿಡುತ್ತಿದ್ದಳು. ಮನ್ಮಥಪ್ಪ ಕಾರ್ಖಾನೆಯಿಂದ ಬಂದು ಅನ್ನ ತಾನೇ ಇಳಿಸುತ್ತಿದ್ದ. ಗಂಡ ಬೈದಿದ್ದರೆ, ಕೈಯೆತ್ತಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನಿಸುತ್ತಿತ್ತು. ಒಂದು ಸಂಜೆ ಅವಳೇ ಬಾಯಿಬಿಟ್ಟಳು.

"ಏನರೆ ಅನ್ರೀ ನಂಗ. ಸುಮ್ಕ ಇರಬ್ಯಾಡ್ರಿ."

ಅವನು ತಾಟಿನ ಮುಂದೆ ಕೂತಿದ್ದ. ತುತ್ತು ಕೈಯಲ್ಲೇ ಉಳಿಯಿತು. "ಏನ್ ಅನ್ಲಿ? ನಾನೂ ಹೂಂ ಅಂದಿದ್ದೆನಲ," ಅಂದ. ಆಮೇಲೆ ಅವನಿಂದ ಉಣ್ಣಲಾಗಲಿಲ್ಲ. ಅಳುವಾಗ ಗಂಡಸರಿಗೆ ಸದ್ದೇ ಬರುವುದಿಲ್ಲವೆಂದು ಅವಳು ಆ ದಿನ ಕಂಡಳು.

ಎರಡು ತಿಂಗಳು ಕಳೆದ ಮೇಲೆ ಜೋಗಳೇಕರ್ ಮ್ಯಾಡಮ್ ತಾವೇ ಮನೆಗೆ ಬಂದರು. ಚಾಪೆಯ ಮೇಲೆ ಕೂತರು. ಶಾಂತಾಬಾಯಿ ಅವರನ್ನು ಒಂದೇ ಮಾತು ಕೇಳಿದಳು, ಮರಾಠಿಯಲ್ಲಿ: ಕಂದು ಪಂಪು ದಿನಾ ಎಳೆದಿದ್ದರೆ ಉಳಿಯುತ್ತಿದ್ದಳೇ?

ಮ್ಯಾಡಮ್ ವಯಸ್ಸಾದವರು. ಸುಳ್ಳು ಹೇಳಿ ಕೈತೊಳೆದುಕೊಳ್ಳುವ ಜಾಯಮಾನ ಅವರದಲ್ಲ. "ಬಹುಶಃ ಉಳಿಯುತ್ತಿದ್ದಳು," ಎಂದರು. "ನೀಲಿ ಪಂಪು ಅವಳಿಗೆ ದಿನದಿನವೂ ಆರಾಮಾದಂತೆ ತೋರಿಸಿತು. ಒಳಗೆ ಬಾವು ಏರುತ್ತಲೇ ಇತ್ತು, ಸಿಂಬಳ ಗಟ್ಟಿಯಾಗಿ ನಳಿಗೆಗಳು ಕಟ್ಟಿಕೊಳ್ಳುತ್ತಲೇ ಇದ್ದವು. ಆ ಸ್ಥಿತಿಗೆ ಬಂದ ಮೇಲೆ ತುಂಬಿದ ಪಂಪಿದ್ದರೂ ಮನೆಯಲ್ಲಿ ಉಳಿಸುವುದು ಕಷ್ಟ." ಸ್ವಲ್ಪ ತಡೆದು ಸೇರಿಸಿದರು: "ನಾನೂ ಕೇಳಬೇಕಿತ್ತು, ಶಾಂತಾ. ಗಂಡನ ಮನೆಯಲ್ಲಿ ಗೊತ್ತಿದೆಯೇ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ನಿನ್ನ ಮಗಳಲ್ಲವೇ, ಕೇಳುವುದೇನು ಎಂದುಕೊಂಡೆ."

ಮರುವಾರ ಶಾಂತಾಬಾಯಿ ಕೆಲಸಕ್ಕೆ ಹೋದಳು. ಮೊದಮೊದಲು ಬಾಗಿಲಿನ ಉಪಮೆ ಹೇಳಲು ಬಾಯೇ ಬರಲಿಲ್ಲ. ಬರೀ ಕೆಲಸದ ಮಾತು ಹೇಳಿ ಕಳಿಸುತ್ತಿದ್ದಳು. ಒಂದು ಹೊಸ ಮಾತು ಮಾತ್ರ ಸೇರಿಕೊಂಡಿತು. ಪ್ರತಿಯೊಬ್ಬರನ್ನೂ ಕೇಳುತ್ತಿದ್ದಳು: "ನಿಮ್ಮ ಮನ್ಯಾಗ ಯಾರ್‍ಯಾರಿಗಿ ಗೊತ್ತದ್ರಿ?"

ಮಳೆಗಾಲ ಮುಗಿಯುತ್ತಿದ್ದಾಗ ತಾಯಿಯೊಬ್ಬಳು ಹತ್ತೊಂಬತ್ತರ ಮಗಳನ್ನು ಕರೆತಂದಳು. ಕಲಬುರಗಿ ಕಡೆಯವರು. ಡಾಕ್ಟರ ಮುಂದೆ ಏನೂ ಹೇಳದೆ, ಇಲ್ಲಿ ಕನ್ನಡ ಕೇಳಿ ಧೈರ್ಯ ಬಂದವಳಂತೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ಅಕ್ಕಾ, ಇಕಿ ಮದುವಿ ನಿಕ್ಕಿ ಆಗ್ಯಾದ. ಯಾರಿಗೂ ಕಾಣದಂಗ ಎಳಕೊಳ್ಳೂದು ಹ್ಯಾಂಗಂತ ಒಂಚೂರು ಹೇಳಿಕೊಡ್ರಿ."

ಶಾಂತಾಬಾಯಿ ಎದ್ದು ಬಾಗಿಲು ಮುಂದೆ ಮಾಡಿದಳು. ತನ್ನ ಮಗಳ ಕಥೆಯನ್ನು ಮೊದಲ ಸಲ ಹೊರಗಿನವರಿಗೆ ಹೇಳಿದಳು. ಹುಡುಗಿ ಕಣ್ಣರಳಿಸಿ ಕೇಳುತ್ತಿತ್ತು. ತಾಯಿಯ ಮುಖ ಮಾತ್ರ ಗಟ್ಟಿಯಾಗುತ್ತ ಹೋಯಿತು. ಕಥೆ ಮುಗಿಯುವ ಮೊದಲೇ ಮಗಳ ಕೈ ಹಿಡಿದು ಎಬ್ಬಿಸಿದಳು. "ಶುಭಕಾರ್ಯದ ಮನಿ ನಮ್ದು. ಇಂಥಾ ಮಾತು ಕೇಳಲಾಕ ಬಂದಿಲ್ಲ," ಎಂದು ಮೆಟ್ಟಿಲಿಳಿದು ಹೋದಳು. ಅವರು ತಿರುಗಿ ಬರಲಿಲ್ಲ. ಚೀಟಿಯ ಮೇಲಿದ್ದ ನಂಬರಿಗೆ ಶಾಂತಾಬಾಯಿ ಮೂರು ಸಲ ಫೋನು ಮಾಡಿದಳು. ಯಾರೂ ಎತ್ತಲಿಲ್ಲ. ಆ ಹುಡುಗಿ ಈಗ ಎಲ್ಲಿದ್ದಾಳೆ, ಹೇಗಿದ್ದಾಳೆ, ಅವಳಿಗೆ ತಿಳಿಯದು.

ಮೊಮ್ಮಗಳನ್ನು ನೋಡಬೇಕೆಂದು ಜೀವ ಹಾತೊರೆಯುತ್ತಿತ್ತು. ಆದರೆ ಯಾವ ಮುಖ ಹೊತ್ತು ಲಾಸಲಗಾಂವಕ್ಕೆ ಹೋಗುವುದು? ಸಂಗಮನಾಥ ಹಬ್ಬಕ್ಕೊಮ್ಮೆ ಮಾವನ ಫೋನಿಗೆ ಕೂಸಿನ ಫೋಟೋ ಕಳಿಸುತ್ತಿದ್ದ. ಅವಳು ಅದನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ, ತುಟಿಯ ಬಣ್ಣ ನೋಡುತ್ತಿದ್ದಳು.

ಹೀಗೆ ಒಂದು ವರ್ಷ ಎಂಟು ತಿಂಗಳಾದ ಮೇಲೆ, ಕಾರ್ತಿಕ ಮಾಸದ ಒಂದು ಬೆಳಿಗ್ಗೆ, ದವಾಖಾನೆಯ ಬಾಗಿಲಲ್ಲಿ ಜಗದೇವಿ ನಿಂತಿದ್ದಳು. ಹಿಂದೆ ಸಂಗಮನಾಥ. ಅವನ ಹೆಗಲ ಮೇಲೆ ಮೂರು ವರ್ಷದ ಅಮೂಲ್ಯಾ. ಹುಡುಗಿಯ ಎದೆಯ ಸದ್ದು ಬಾಗಿಲಿನಿಂದಲೇ ಕೇಳುತ್ತಿತ್ತು. ಶಾಂತಾಬಾಯಿ ಬರೆಯುತ್ತಿದ್ದ ಪೆನ್ನು ಕೆಳಗೆ ಬಿತ್ತು.

"ನಾಸಿಕದಾಗ ತೋರಿಸಿದಿವ್ರಿ," ಎಂದಳು ಜಗದೇವಿ, ನಮಸ್ಕಾರವಿಲ್ಲದೆ, ಪೀಠಿಕೆಯಿಲ್ಲದೆ. "ಅದೇ ಅಂದ್ರು. ದಿನಾ ಪಂಪ್ ಕೊಡ್ರಿ ಅಂದ್ರು. ನಂಗ ಕೊಡಲಾಕ ಬರವಲ್ದು. ಕೂಸು ಮುಖ ತಿರವತದ. ನೀವು ಕಲಸ್ತೀರಂತ ಬಂದೀನಿ."

ಮ್ಯಾಡಮ್ ಹುಡುಗಿಯನ್ನು ನೋಡಿದರು, ಔಷಧದ ಹೊಗೆ ಕೊಡಿಸಿದರು, ಉಸಿರು ಹಗುರಾದ ಮೇಲೆ ಸಣ್ಣ ಕೋಣೆಗೆ ಕಳಿಸಿದರು. ಶಾಂತಾಬಾಯಿ ಕಪಾಟಿನಿಂದ ಪ್ಲಾಸ್ಟಿಕ್ಕಿನ ಉದ್ದ ಡಬ್ಬಿ ತೆಗೆದಳು, ಒಂದು ತುದಿಗೆ ಕೂಸಿನ ಮೂಗು ಬಾಯಿ ಮುಚ್ಚುವ ಮೆತ್ತನೆಯ ಮಾಸ್ಕು, ಇನ್ನೊಂದು ತುದಿಗೆ ಪಂಪು. ಸಣ್ಣ ಮಕ್ಕಳಿಗೆ ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಿಕೆಯಾಗುವುದಿಲ್ಲ. ಈ ಡಬ್ಬಿಯಲ್ಲಿ ಔಷಧ ತೇಲುತ್ತಿರುತ್ತದೆ, ಕೂಸು ತನ್ನ ಪಾಡಿಗೆ ಉಸಿರಾಡಿದರೆ ಸಾಕು.

ಅಮೂಲ್ಯಾ ಅವಳನ್ನು ದಿಟ್ಟಿಸಿ ನೋಡಿತು. ಆಮೇಲೆ ಜಗದೇವಿಯ ಕಡೆ ತಿರುಗಿ ಮರಾಠಿಯಲ್ಲಿ ಕೇಳಿತು: "ಹೀ ಕೋಣ ಆಹೇ?"

ಇವಳು ಯಾರು ಎಂದು. ಆ ಹುಬ್ಬು, ಕೆಳತುಟಿ ಕಚ್ಚುವ ರೀತಿ ಎಲ್ಲ ಶಾಂತಾಬಾಯಿಗೆ ಗೊತ್ತಿದ್ದದ್ದೇ.

"ನಿಮ್ಮವ್ವನ ಅವ್ವ," ಎಂದಳು ಜಗದೇವಿ. ಅದರ ಮುಂದೆ ಏನೂ ಸೇರಿಸಲಿಲ್ಲ.

ಶಾಂತಾಬಾಯಿ ಮಾಸ್ಕನ್ನು ಮೊದಲು ತನ್ನ ಮುಖಕ್ಕೆ ಇಟ್ಟುಕೊಂಡು ತೋರಿಸಿದಳು, ಆಮೇಲೆ ಸಂಗಮನಾಥನ ಮುಖಕ್ಕೆ, ಆಮೇಲೆ ಜಗದೇವಿಯ ಮುಖಕ್ಕೆ. ಅಪ್ಪನ ಮೂಗು ಒತ್ತಿಕೊಂಡದ್ದನ್ನು ಕಂಡು ಹುಡುಗಿ ನಕ್ಕಿತು, ತನ್ನ ಮುಖ ಮುಂದೆ ಮಾಡಿತು. ಜಗದೇವಿ ತಾನೇ ಒತ್ತುತ್ತೇನೆಂದು ಹಟ ಹಿಡಿದಳು. ಮೊದಲ ಸಲ ಮಾಸ್ಕಿನ ಅಂಚು ಸರಿಯಾಗಿ ಕೂರಲಿಲ್ಲ. ಎರಡನೆಯ ಸಲ ಅಲ್ಲಾಡಿಸುವುದನ್ನು ಮರೆತಳು. ಶಾಂತಾಬಾಯಿ ಅವಳ ಕೈಯ ಮೇಲೆ ಕೈಯಿಟ್ಟು ತಿದ್ದಿದಳು. ಬಾಯಿ ತೊಳೆಸುವುದು, ಡಬ್ಬಿಯನ್ನು ವಾರಕ್ಕೊಮ್ಮೆ ಸಾಬೂನಿನ ನೀರಿನಲ್ಲಿ ಅದ್ದಿ ಒರೆಸದೆ ಒಣಗಿಸುವುದು, ಶೆಡ್ಡಿನ ಕಡೆ ಹುಡುಗಿಯನ್ನು ಬಿಡದಿರುವುದು, ಎಷ್ಟು ಸಲ ಒತ್ತಿದೆವೆಂದು ಕ್ಯಾಲೆಂಡರಿನ ಮೇಲೆ ಗೆರೆ ಎಳೆಯುವುದು, ಎಲ್ಲ ಎರಡೆರಡು ಸಲ ಹೇಳಿದಳು. ಸಂಗಮನಾಥ ಫೋನಿನಲ್ಲಿ ರೆಕಾರ್ಡು ಮಾಡಿಕೊಂಡ.

"ಎಲ್ಲಿ ಇಡ್ತೀರಿ ಇದನ್ನ?" ಎಂದು ಕೇಳಿದಳು ಕೊನೆಗೆ.

"ಪಡಸಾಲ್ಯಾಗ, ಟಿ.ವಿ. ಮುಂದ," ಎಂದಳು ಜಗದೇವಿ. "ಬಂದವ್ರು ಹೋದವ್ರು ಎಲ್ರೂ ನೋಡ್ಲಿ."

ಮನೆಗೆ ಬಂದು ಒಂದು ತುತ್ತು ಉಂಡು ಹೋಗಿರೆಂದು ಶಾಂತಾಬಾಯಿ ಬೇಡಿಕೊಂಡಳು. ಸಂಗಮನಾಥ ಅವ್ವನ ಮುಖ ನೋಡಿದ. ಜಗದೇವಿ, ಮಧ್ಯಾಹ್ನದ ಬಸ್ಸು ತಪ್ಪುತ್ತದೆ ಎಂದಳು. ಮೆಟ್ಟಿಲಿಳಿಯುವಾಗ ಅಮೂಲ್ಯಾ ಅಪ್ಪನ ಹೆಗಲ ಮೇಲಿಂದ ಕೈ ಬೀಸಿತು, ಅಪರಿಚಿತರಿಗೆ ಮಕ್ಕಳು ಬೀಸುವ ಹಾಗೆ.

ಈಗ ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಲಾಸಲಗಾಂವದಿಂದ ಫೋನು ಬರುತ್ತದೆ. "ವಾರಪೂರ್ತಿ ಎರಡೂ ಹೊತ್ತು ಕೊಟ್ಟೀನ್ರಿ. ನೀಲಿದು ಬೇಕಾಗಿಲ್ಲ," ಎನ್ನುತ್ತಾಳೆ ಜಗದೇವಿ. ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ, ಕೂಸಿನ ಕೈಗೆ ಫೋನು ಕೊಡುವುದಿಲ್ಲ. ಶಾಂತಾಬಾಯಿ "ಹೂಂನ್ರಿ" ಎನ್ನುತ್ತಾಳೆ. ಆ ಕಡೆ ಫೋನು ಇಟ್ಟ ಮೇಲೂ ಸ್ವಲ್ಪ ಹೊತ್ತು ಕಿವಿಗೆ ಹಿಡಿದುಕೊಂಡೇ ಇರುತ್ತಾಳೆ. ಅಷ್ಟರಲ್ಲಿ ಸಣ್ಣ ಕೋಣೆಯ ಬಾಗಿಲಲ್ಲಿ ಯಾರಾದರೂ ಚೀಟಿ ಹಿಡಿದು ಕೆಮ್ಮುತ್ತ ನಿಂತಿರುತ್ತಾರೆ.